ಬಚ್ಚಲಿನಿಂದ ಕಡಲಿಗೆ: ಐರ್ಲೆಂಡ್ ಮುಚ್ಚಿದ ದಾರಿ

ಮಾನ್ಯರೇ,

ಕಡಲಿನ ಪ್ಲಾಸ್ಟಿಕ್ ಎಂದರೆ ದಡಕ್ಕೆ ಬಿದ್ದ ಬಾಟಲಿ, ಹರಿದ ಬಲೆಗಳ ಮಾತೇ ಬರುತ್ತದೆ. ಬಚ್ಚಲಿನಿಂದ ಹೊರಡುವ ಪ್ಲಾಸ್ಟಿಕ್, ಅಂದರೆ ಮುಖ ತಿಕ್ಕುವ ಸ್ಕ್ರಬ್, ಶುಚಿಕಾರಕಗಳಲ್ಲಿ ಬೆರೆಸುವ ಮೈಕ್ರೋಬೀಡ್ ಎಂಬ ಸಣ್ಣ ಕಣಗಳು, ಕಣ್ಣಿಗೆ ಬೀಳುವುದಿಲ್ಲ. ಈ ವಿಷಯವನ್ನು ಸಂಸತ್ತಿಗೆ ಒಯ್ದವರಲ್ಲಿ ಐರ್ಲೆಂಡಿನ ಗ್ರೇಸ್ ಓಸಲಿವನ್ ಒಬ್ಬರು. ಕಡಲತೀರದ ಊರು ಟ್ರಮೋರ್‌ನವರು. 1985ರಲ್ಲಿ ಆಕ್ಲೆಂಡ್ ಬಂದರಿನಲ್ಲಿ ಬಾಂಬಿಟ್ಟು ಮುಳುಗಿಸಿದ, ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಹಡಗು ರೇನ್‌ಬೋ ವಾರಿಯರ್‌ನ ಸಿಬ್ಬಂದಿಯಲ್ಲಿದ್ದವರು.

2016ರಲ್ಲಿ ಮೇಲ್ಮನೆಗೆ ಆಯ್ಕೆಯಾದ ವರ್ಷವೇ ಅವರು ಮೈಕ್ರೋಬೀಡ್ ನಿಷೇಧದ ಖಾಸಗಿ ಮಸೂದೆ ಮಂಡಿಸಿದರು. ಐರೋಪ್ಯ ಒಕ್ಕೂಟದ ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂಬ ಆಕ್ಷೇಪ ಬಂತು, ಮಸೂದೆ ಬಿದ್ದುಹೋಯಿತು. ಕೊನೆಗೆ 2019ರಲ್ಲಿ ಸರ್ಕಾರವೇ ಕಾಯ್ದೆ ತಂದು, 2020ರ ಫೆಬ್ರುವರಿಯಲ್ಲಿ ಜಾರಿ ಮಾಡಿತು.

ಆ ಕಾಯ್ದೆಯ ಗಟ್ಟಿತನ ಇರುವುದು ವ್ಯಾಖ್ಯೆಯಲ್ಲಿ. ನೀರಿನಲ್ಲಿ ಕರಗದ, 5 ಮಿ.ಮೀ. ಮೀರದ ಘನ ಪ್ಲಾಸ್ಟಿಕ್ ಕಣ ಎಂದು ಅಳತೆ ಸಮೇತ ಹೇಳಿದೆ. ತೊಳೆದುಹೋಗುವ ಸೌಂದರ್ಯವರ್ಧಕಗಳ ಜೊತೆಗೆ ಮನೆ ಮತ್ತು ಕಾರ್ಖಾನೆಗಳ ಶುಚಿಕಾರಕಗಳನ್ನೂ ಸೇರಿಸಿದೆ. ಇಂಥ ಕಣಗಳಿರುವ ವಸ್ತುವನ್ನು ಚರಂಡಿಗೆ, ನದಿಗೆ, ಕಡಲಿಗೆ ಸುರಿಯುವುದೂ ಅಪರಾಧ. ನನ್ನ ಮಟ್ಟಿಗೆ ಇದೇ ಅತಿ ಬೆಲೆಯುಳ್ಳ ಕಲಮು.

ಚರಂಡಿ ಯಾಕೆ ಮುಖ್ಯ? ಪ್ಲಿಮತ್ ವಿಶ್ವವಿದ್ಯಾಲಯ 2015ರಲ್ಲಿ ಲೆಕ್ಕ ಹಾಕಿದಂತೆ, ಸ್ಕ್ರಬ್ ಹಚ್ಚಿ ಒಮ್ಮೆ ಮುಖ ತೊಳೆದರೆ 4,600ರಿಂದ 94,500 ಕಣಗಳು ಹರಿದುಹೋಗಬಹುದು. ಶುದ್ಧೀಕರಣ ಘಟಕ ಬಹುಪಾಲನ್ನು ತಡೆಯುತ್ತದೆ ನಿಜ, ಆದರೆ ತಡೆದದ್ದು ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲ ಸೇರಿದರೆ ಮಳೆಗೆ ತೊಳೆದು ಮತ್ತೆ ಹೊಳೆಗೇ ಬರುತ್ತದೆ. ಘಟಕವೇ ಇಲ್ಲದ ಊರಿನ ಚರಂಡಿಯದಂತೂ ನೇರ ದಾರಿ.

ನಿಮ್ಮ ಮನೆಯ ಸ್ಕ್ರಬ್ಬನ್ನೂ ಪರೀಕ್ಷಿಸಬಹುದು. ಒಂದು ಚಮಚ ಸ್ಕ್ರಬ್ಬನ್ನು ಲೋಟ ಬಿಸಿನೀರಿನಲ್ಲಿ ಕದಡಿ, ಒತ್ತಾದ ಬಿಳಿ ಬಟ್ಟೆಯಲ್ಲಿ ಸೋಸಿ. ಉಪ್ಪು, ಸಕ್ಕರೆಯಾದರೆ ಕರಗಿಹೋಗುತ್ತವೆ. ಉಳಿದ ಕಣಗಳನ್ನು ಮತ್ತೆ ಶುದ್ಧ ನೀರಿಗೆ ಹಾಕಿ ಕಲಕಿ: ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್, ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಮುಳುಗುತ್ತವೆ, ಹಾಗಾಗಿ ಲೇಬಲ್ಲಿನಲ್ಲಿ ಆ ಹೆಸರುಗಳನ್ನೂ ಹುಡುಕಿ. ಸೋಸಿದ ಬಟ್ಟೆಯನ್ನು ದಯವಿಟ್ಟು ನಲ್ಲಿಯಡಿ ಜಾಲಿಸಬೇಡಿ, ಒಣಗಿಸಿ ಕೊಡವಿ ಒಣಕಸಕ್ಕೆ ಹಾಕಿ.

ಐರಿಷ್ ಕಾಯ್ದೆಯಲ್ಲೂ ಕೊರತೆಯಿದೆ. ಹಚ್ಚಿ ಹಾಗೆಯೇ ಬಿಡುವ ಲಿಪ್‌ಸ್ಟಿಕ್, ಕ್ರೀಮುಗಳು ಅದರ ಹಿಡಿತಕ್ಕೆ ಬರಲಿಲ್ಲ. ಒಕ್ಕೂಟದ 2023ರ ನಿಯಮ ಅವನ್ನೂ ಸೇರಿಸಿಕೊಂಡಿದೆಯಾದರೂ ಕ್ರೀಮುಗಳಿಗೆ 2029ರವರೆಗೆ, ಲಿಪ್‌ಸ್ಟಿಕ್ಕಿಗೆ 2035ರವರೆಗೆ ಗಡುವು ಕೊಟ್ಟಿದೆ. ಇದು ತೀರಾ ದೀರ್ಘ.

ಕರ್ನಾಟಕದ 2016ರ ಮಾರ್ಚ್ ತಿಂಗಳ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲೂ ಮೈಕ್ರೋಬೀಡ್ ಎಂಬ ಪದವಿದೆ. ಅದು ಬಂದಿರುವುದು ಕೈಚೀಲ, ತಟ್ಟೆ, ಲೋಟ, ಥರ್ಮಾಕೋಲ್‌ಗಳ ಪಟ್ಟಿಯ ಬಾಲದಲ್ಲಿ. ಸ್ಕ್ರಬ್, ಸಾಬೂನು, ಶುಚಿಕಾರಕಗಳ ಹೆಸರು ಅಲ್ಲಿಲ್ಲ. ಕರಾವಳಿಯ ಶಾಸಕರು ಇದಕ್ಕೆ ತಿದ್ದುಪಡಿ ಕೇಳಲಿ: ಕಣದ ಅಳತೆ, ಉತ್ಪನ್ನಗಳ ಹೆಸರು, ಚರಂಡಿಗೆ ಸುರಿಯುವುದರ ನಿಷೇಧ, ಈ ಮೂರೂ ಸ್ಪಷ್ಟವಾಗಿ ಬರೆದಿರಬೇಕು.

– ಓದುಗ, ಉಡುಪಿ