ಗೋರಿಕಾಯಿ ಮುರಿಯುತ್ತಿದ್ದ ಅಕ್ಕನಿಗೆ

ಅಕ್ಕ, ನಿಮ್ಮ ಹೆಸರು ಕೇಳಲೇ ಇಲ್ಲ. ಮೇ ತಿಂಗಳ ಆ ಭಾನುವಾರ ಮುಂಬೈ ಕಡೆಗೆ ಹೊರಟ ಡೊಂಬಿವಿಲಿಯ ಸ್ಲೋ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಾದಲ್ಲಿ ನಮ್ಮೆದುರು ಕೂತು ಗೋರಿಕಾಯಿ ಮುರಿಯುತ್ತಿದ್ದಿರಿ. ನೆನಪಿದೆಯಾ?

ಮಾಟುಂಗದಲ್ಲಿ ಮಕ್ಕಳಿಗೆ ಬೇಸಿಗೆ ರಜೆಯ ಕನ್ನಡ ಬರವಣಿಗೆ, ಭಾಷಣದ ಕ್ಲಾಸು. ಅವತ್ತು ಕೊನೆಯ ದಿನ, ಭಾಷಣ ಸ್ಪರ್ಧೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು "1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು..." ಎಂದು ಗಿಣಿಪಾಠ ಒಪ್ಪಿಸುತ್ತಿದ್ದಳು. ನಾಲ್ಕು ಸಲ ತಡವರಿಸಿ, ಕಣ್ಣಲ್ಲಿ ನೀರು. ನಾನೋ, ಇನ್ನೊಂದ್ಸಲ ಹೇಳು ಅಂತ ಗದರುತ್ತಿದ್ದೆ. ನನ್ನದೇ ತಪ್ಪು ಬಿಡಿ.

"ಹಾಳೆ ಮಡಚಿಡು ಪುಟ್ಟಿ. ಠಾಣೆ ಬಂತಲ್ಲ, ಅದೇ ದಾರಿಯಲ್ಲೇ ಹೋಗ್ತಿದ್ದೀಯ. ಕಿಟಕಿಯಾಚೆ ಏನು ಕಾಣ್ತಿದೆ ಹೇಳು" ಅಂದಿರಿ. ಅದೂ ಕನ್ನಡದಲ್ಲಿ! ಮುಲುಂಡ್, ಭಾಂಡುಪ್, ಘಾಟ್ಕೋಪರ್ ದಾಟುವವರೆಗೂ ಹೇಳಿದಳು. ನೀವು ಚೀಲದಿಂದ ತಲೆ ಎತ್ತದೆ "ಹ್ಞೂಂ, ಆಮೇಲೆ?" ಎನ್ನುತ್ತಿದ್ದಿರಿ. ಅದೇ ಒಳ್ಳೇದಾಯ್ತು. ಯಾರೂ ದಿಟ್ಟಿಸಿ ನೋಡದಿದ್ದರೆ ಅವಳಿಗೆ ಮಾತು ಬರುತ್ತದೆ.

ಇಳಿಯುವ ಗಡಿಬಿಡಿಯಲ್ಲಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ವೇದಿಕೆ ಹತ್ತಿ "ನಾನು ಈಗ ಬಂದ ದಾರಿಯಲ್ಲೇ..." ಎಂದು ಶುರು ಮಾಡಿದಳು. ನಡುವೆ ಒಮ್ಮೆ ನಿಂತಳು, ಬಹುಮಾನವೂ ಬರಲಿಲ್ಲ. ಹಾಳೆ ಮಾತ್ರ ಬ್ಯಾಗಿನಲ್ಲೇ ಇತ್ತು. ತುಂಬಾ ಥ್ಯಾಂಕ್ಸ್ ಅಕ್ಕ.