ಹೀರೋ ಅಂದ್ರೆ ಗೆದ್ದವನು ಮಾತ್ರ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೀರೋ ಅಂದ್ರೆ ಹೊಡೆದಾಡಿ ಗೆಲ್ಲೋನು ಅಂತಲೇ ನಮ್ಮ ಮಕ್ಕಳ ತಲೇಲಿ ಕೂತುಬಿಟ್ಟಿದೆ, ಆದ್ರೆ ನಮ್ಮ ಕನ್ನಡದ ಕವಿಗಳು ಸಾವಿರ ವರ್ಷದ ಹಿಂದೇನೇ ಇದನ್ನ ದಾಟಿ ಬಂದಿದ್ರು. ಪಂಪ ತನ್ನ ರಾಜ ಅರಿಕೇಸರಿನ ಅರ್ಜುನನಿಗೆ ಹೋಲಿಸಿ ಬರೆದ, ಆದ್ರೂ ಮಹಾಭಾರತದಲ್ಲಿ ಒಬ್ಬರನ್ನ ನೆನೆಯೋದಾದ್ರೆ ಕರ್ಣನನ್ನ ನೆನೆಯಿರಿ ಅಂದವನೂ ಅವನೇ. ರನ್ನನ ಕಾವ್ಯಕ್ಕೆ ನಾಯಕ ಭೀಮ, ಓದ್ತಾ ಓದ್ತಾ ನಮಗೆ ಕಣ್ಣೀರು ಬರೋದು ಮಾತ್ರ ದುರ್ಯೋಧನನಿಗೋಸ್ಕರ. ಯುದ್ಧಭೂಮೀಲಿ ಹೆಣಗಳ ಮಧ್ಯೆ ನಡೀತಾ, ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ನಿನ್ನಂಥ ಸಾವು ನಂಗೂ ಬರಲಿ ಅಂತಾನಲ್ಲ, ಆ ಜಾಗ ನಾನು ಎಷ್ಟು ಸಲ ಓದಿದ್ರೂ ಗಂಟಲು ಕಟ್ಟುತ್ತೆ.

ಆಮೇಲೆ 1933ರಲ್ಲಿ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಚೋಮ ಬಂದ, ಒಂದು ತುಂಡು ಭೂಮಿ ಬೇಸಾಯ ಮಾಡ್ಬೇಕು ಅನ್ನೋದಷ್ಟೇ ಅವನ ಆಸೆ, ಅದೂ ಈಡೇರಲಿಲ್ಲ. ಕುವೆಂಪು ಅಂತೂ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರೀಲಿ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಮೊದಲಿಗೇ ಹೇಳಿಬಿಟ್ರು, ಅದರಲ್ಲಿ ಬರೋ ಗುತ್ತಿ ಅನ್ನೋನ ನಾಯಿ ಹುಲಿಯನಿಗೂ ಅಲ್ಲಿ ಜಾಗ ಇದೆ! ಅಷ್ಟೇಕೆ, ನಾವೆಲ್ಲ ಚಿಕ್ಕೋರಿದ್ದಾಗ ಅತ್ತಿದ್ದು ಕೊಟ್ಟ ಮಾತಿಗೆ ವಾಪಸ್ ಹೋದ ಒಂದು ಹಸುಗೋಸ್ಕರ.

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ದಯವಿಟ್ಟು ಇಂಥ ಸೋತ ನಾಯಕರ ಕಥೆಗಳನ್ನೂ ಹಾಕಿ, ವಾರಕ್ಕೊಂದಾದ್ರೂ ಸಾಕು.

— ಒಬ್ಬ ಓದುಗ