ಶನಿವಾರ ಆರೆಂಜ್‌ಗೆ ಹೋಗುವವರಿಗೆ

ಗೆಳೆಯರೇ, ಶನಿವಾರ ಮ್ಯಾಸಚೂಸೆಟ್ಸ್‌ನ ಆರೆಂಜ್ ಏರ್‌ಪೋರ್ಟ್‌ಗೆ ಹೊರಡುವ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ. ಸುಮ್ನೆ ನೋಡಿ ಬರುವ ಜಾಗ ಅಲ್ಲ ಅದು.

1959ರಲ್ಲಿ ಜಾಕ್ ಇಸ್ಟೆಲ್ ಅಲ್ಲಿ ಪ್ಯಾರಾಚೂಟ್ ಕೇಂದ್ರ ತೆರೆದರು. ಅಮೆರಿಕದಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಹಾರೋದು ಕಲಿಯಬಹುದಾದ ಮೊದಲ ಕೇಂದ್ರ ಅದು. ಅದಕ್ಕೂ ಮುಂಚೆ ಪ್ಯಾರಾಚೂಟ್ ಅಂದರೆ ಸೈನಿಕರದ್ದು, ಇಲ್ಲಾ ಸಾಹಸ ಪ್ರದರ್ಶನದವರದ್ದು ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದರು. ಇಲ್ಲಿ ಕೆಲವೇ ಗಂಟೆ ಪಾಠ, ಆಮೇಲೆ ವಿಮಾನ! 1962ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ಇಲ್ಲೇ ನಡೆಯಿತು.

ಆಗಿನ ಪ್ಯಾರಾಚೂಟ್ ಈಗಿನಂತೆ ಚೌಕ ಅಲ್ಲ, ಗುಂಡಗೆ ಕೊಡೆಯ ಹಾಗೆ. ಹೊಸಬರ ಬೆನ್ನಿನ ಚೀಲದಿಂದ ಒಂದು ಪಟ್ಟಿ ವಿಮಾನಕ್ಕೆ ಕಟ್ಟಿರುತ್ತಿತ್ತು, ಹಾರಿದ ಕೂಡಲೇ ಅದು ಜಗ್ಗಿ ಪ್ಯಾರಾಚೂಟ್ ತಾನಾಗೇ ಬಿಚ್ಚಿಕೊಳ್ಳುತ್ತಿತ್ತು. ಇಳಿಯುವಾಗ ಪೆಟ್ಟು ಜೋರು, ಅದಕ್ಕೇ ಎರಡೂ ಕಾಲು ಜೋಡಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ನೆಲ ಮುಟ್ಟಿದ ತಕ್ಷಣ ಪಕ್ಕಕ್ಕೆ ಉರುಳುವುದನ್ನು ಮತ್ತೆ ಮತ್ತೆ ಕಲಿಸುತ್ತಿದ್ದರು.

ಇಸ್ಟೆಲ್ ಅವರ ಆ ಕೇಂದ್ರ ಈಗಿಲ್ಲ. ನನಗಂತೂ ಬೇಜಾರೇ. ಅಲ್ಲಿ ಹಳಬರು ಯಾರಾದರೂ ಸಿಕ್ಕರೆ ಅವಸರ ಮಾಡಬೇಡಿ, ಕೂತು ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಹಳೇ ಫೋಟೋ ಇದ್ದರೆ ಹಿಂದೆ ಬರೆದಿರುವ ತಾರೀಖನ್ನೂ ತೆಗೆದುಕೊಳ್ಳಿ, ಅದು ತುಂಬಾ ಮುಖ್ಯ.